ಅಲ್ಲಾಡದ ಜರಿಯೆಳೆ

ಚಂಗನೆ ಜಿಗಿಯಿತು ಅಲ್ಯೂಮಿನಿಯಂ ಸರಳು, ಕುದುರೆಲಾಳದ ಅಯಸ್ಕಾಂತದ ನಡುವಿನಿಂದ ಆಚೆಗೆ, ಚಳ್ಳಕೆರೆಯ ಹತ್ತನೇ ತರಗತಿಯ ಮಕ್ಕಳು ಹೋ ಎಂದರು, ತಿಪ್ಪೇರುದ್ರಪ್ಪ ಮೇಷ್ಟ್ರ ಬೆರಳು ಮಾತ್ರ ಸ್ವಿಚ್ಚಿನ ಮೇಲೆಯೇ ಉಳಿಯಿತು — ಎಷ್ಟು ಸುಲಭ, ವಿದ್ಯುತ್ತು ಹರಿದರೆ ಕಾಂತ ತಳ್ಳುತ್ತದೆ, ತಳ್ಳಿದರೆ ವಾಹಕ ಅಲ್ಲಾಡುತ್ತದೆ, ಏಳು ವರ್ಷದ ಹಿಂದೆ ಮೊಳಕಾಲ್ಮೂರಿನ ಶಾಲೆಯಲ್ಲಿ ಅಲ್ಲಾಡಲಿಲ್ಲ, ಅಲ್ಲಿ ಸರಳಿರಲಿಲ್ಲ, ಹಗುರಾದ ಲೋಹದ ಎಳೆ ಯಾರಾದರೂ ತನ್ನಿ ಎಂದಿದ್ದರು, ನೇಕಾರ ದೊಡ್ಡೀರಪ್ಪನ ಮಗಳು ಪ್ರೇಮಲತಾ ಗೇಣುದ್ದ ಜರಿ ತಂದಳು, ಬೆಳ್ಳಿ ಸುತ್ತಿದ ರೇಷ್ಮೆ, ಸಾವ್ಕಾರ್ರು ನೇಯಾಕೆ ಕೊಟ್ಟಿದ್ದು ಸಾ, ಅಸಲಿ, ಎಂದಳು — ಸ್ವಿಚ್ಚು ಒತ್ತಿದರೆ ಎಳೆ ಇಳಿಬಿದ್ದಲ್ಲೇ ಇಳಿಬಿದ್ದಿದೆ, ಮತ್ತೆ ಒತ್ತುತ್ತಾರೆ, ಅಲ್ಲಾಡುವುದಿಲ್ಲ, ಹಿಂದಿನ ಬೆಂಚಿನಿಂದ ಯಾವನೋ, ಪ್ಲಾಸ್ಟಿಕ್ ಕಣ್ಲೇ, ಸಾವ್ಕಾರ್ರ ಅಸಲಿ ಮಾರ್ಕೊಂಡು ನಕಲಿ ನೇಯ್ತಾನೆ ಅವಳಪ್ಪ, ಆಗ ಮೇಷ್ಟ್ರು ಗದರಬೇಕಿತ್ತು, ಗದರಲಿಲ್ಲ, ನಕ್ಕರು, ಏನಮ್ಮಾ, ನಿಮ್ಮಪ್ಪನ ಜರಿಗೆ ಕರೆಂಟೇ ಹತ್ತವಲ್ದಲ್ಲ, ತರಗತಿಯೇ ನಕ್ಕಿತು, ಅವಳು ನಗಲಿಲ್ಲ, ಎಳೆಯನ್ನೇ ನೋಡುತ್ತಿದ್ದಳು, ಕಣ್ಣಿನಿಂದಲೇ ತಳ್ಳುವವಳಂತೆ.

ಅಂದು ಸಂಜೆ ಸಾಮಾನು ಎತ್ತಿಡುವಾಗ ನಿಜವು ಬೆರಳಿಗೇ ತಗುಲಿತು, ತಾವು ಜೋಡಿಸಿದ್ದ ತಾಮ್ರದ ತಂತಿಯ ತುದಿಯಲ್ಲಿ ಕರೆಂಟು ತಡೆಯುವ ವಾರ್ನಿಷ್ ಹಾಗೆಯೇ ಇತ್ತು, ಕೆರೆಯುವುದನ್ನು ಮರೆತವರು ತಾವು, ಬ್ಲೇಡಿನಿಂದ ಕೆರೆದು ಒತ್ತಿದರು, ಖಾಲಿ ಕೋಣೆಯಲ್ಲಿ ಜರಿ ಪಟಕ್ಕನೆ ಹಾರಿತು, ಯಾರೂ ನೋಡಲಿಲ್ಲ, ನಾಳೆ ಹೇಳಿದರಾಯಿತು ಎಂದು ಬೀರು ಮುಚ್ಚಿದರು — ನಾಳೆಯ ಹೊತ್ತಿಗೆ ಮಾತು ಸಾಹುಕಾರರನ್ನು ಮುಟ್ಟಿತ್ತು, ದೊಡ್ಡೀರಪ್ಪ ಚಪ್ಪಲಿ ಹೊರಗೆ ಬಿಟ್ಟು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ, ಮೇಷ್ಟ್ರೇ, ಕಳ್ಳ ಅಂತಾರ್ರೀ ನನ್ನ, ಇನ್ಮೇಲೆ ನೂಲು ಕೊಡಲ್ಲಂತೆ, ನೀವೊಂದು ಮಾತು ಹೇಳ್ರಿ, ಜರಿ ಅಸಲಿ ಐತೆ ಅಂತ, ಒಂದೇ ಮಾತು, ಪಕ್ಕದ ಕುರ್ಚಿಯಲ್ಲಿ ಹೆಡ್‌ಮಾಸ್ಟರು ಕುಳಿತಿದ್ದರು, ತಪ್ಪು ನನ್ನದೆನ್ನಲು ನಾಲಗೆ ಏಳಲಿಲ್ಲ, ಎದ್ದದ್ದು ಬೇರೆಯೇ ಮಾತು, ಪ್ರಯೋಗದಾಗೆ ಕಂಡಿದ್ದು ಕಂಡಂಗೈತಪ್ಪಾ, ನಾನೇನ್ ಮಾಡ್ಲಿ — ವಾರದೊಳಗೆ ಮನೆಮಂದಿಯೆಲ್ಲ ಮಗ್ಗ ಬಿಚ್ಚಿಕೊಂಡು ಧರ್ಮಾವರಂ ಬಸ್ಸು ಹತ್ತಿದರಂತೆ, ಪ್ರೇಮಲತಾಳ ಟಿ.ಸಿ. ಕೇಳಿಕೊಂಡು ಯಾರೂ ಬರಲಿಲ್ಲ, ಆ ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ, ಟಿ.ಸಿ. ಇಲ್ಲದೆ ಯಾವ ಶಾಲೆ ಸೇರಿಸಿಕೊಂಡೀತು ಅವಳನ್ನು, ಎಳೆ ಇಳಿಬಿದ್ದಿದೆ, ಅಲ್ಲಾಡುವುದಿಲ್ಲ.

ಸಾ, ಇಲ್ಲಿ ಚಳ್ಳಕೆರೆಯಲ್ಲಿ ಮುಂದಿನ ಬೆಂಚಿನಿಂದ ಹರ್ಷಿತಾ ಎದ್ದಿದ್ದಾಳೆ, ಸಾ, ಅಲ್ಲಾಡ್ದೇ ಇದ್ರೆ ಏನಂತ ತಿಳ್ಕಬೇಕು — ಉತ್ತರ ಗೊತ್ತು, ಮೊದಲು ಮೇಷ್ಟ್ರು ಕಟ್ಟಿದ ತಂತಿ ನೋಡಬೇಕಮ್ಮಾ, ಇಷ್ಟೇ, ಅಂದೂ ಇಷ್ಟೇ ಸಾಕಿತ್ತು, ಹೇಳುವ ಬದಲು ಬೆರಳು ಸ್ವಿಚ್ಚಿಗೇ ಹೋಗುತ್ತದೆ, ಅವರ ಕಣ್ಣಿಗೆ ಎರಡು ಧ್ರುವಗಳ ನಡುವೆ ಸರಳಿಲ್ಲ, ಗೇಣುದ್ದ ಬೆಳ್ಳಿಯೆಳೆ, ಒತ್ತುತ್ತಾರೆ, ಅಲ್ಲಾಡುವುದಿಲ್ಲ, ಒತ್ತುತ್ತಾರೆ