ಬಾವಿಗೆ ಹಾಕಿದ ಪೈಪು

ದೀಪಾಲಿ ಟೀಚರ್ ಅಲಖನೂರಿನ ಶಾಲೆಗೆ ಬಂದ ಮೇಲೆ ಮಕ್ಕಳ ಕೈಗೆ ಸುತ್ತಿಗೆ, ಮೊಳೆ, ಗರಗಸ ಬಂದವು. ಹೆಡ್‌ಮಾಸ್ತರರಿಗೆ ತಲೆನೋವು ಬಂತು. ಶನಿವಾರದ ಕೊನೆಯ ಅವಧಿಯಲ್ಲಿ ಐದನೆಯ ತರಗತಿಯವರು ಪುಸ್ತಕ ಮುಚ್ಚಿಟ್ಟು ಏನಾದರೂ ಮಾಡಲೇಬೇಕು. ಹಲಗೆಯ ಮೇಲೆ ಆಕೆ ಯಾವಾಗಲೂ ಅವೇ ಮಾತು ಬರೆಯುತ್ತಿದ್ದಳು: ತೊಂದರೆ ಹುಡುಕು, ಚಿತ್ರ ಬರಿ, ಮಾಡು, ಮಾಡಿದ್ದನ್ನು ಪರೀಕ್ಷಿಸು. ಮಾಡಿದ್ದರಲ್ಲಿ ಮುಕ್ಕಾಲು ಪಾಲು ಮುರಿದೇ ಹೋಗುತ್ತಿತ್ತು. ಬಿಸಿಯೂಟದ ತಟ್ಟೆ ಜೋಡಿಸಲು ಕಟ್ಟಿದ ಸ್ಟ್ಯಾಂಡು ಒಂದು ದಿನ ಸಾಂಬಾರಿನ ಪಾತ್ರೆಯ ಮೇಲೆಯೇ ಕುಸಿದು ಇಡೀ ಶಾಲೆ ಬರೀ ಅನ್ನ ಉಂಡಿತ್ತು. ಆದರೂ ಟೀಚರಿಗೆ ಈ ಪಾಠದ ಮೇಲೆ ದೇವರಷ್ಟೇ ನಂಬಿಕೆ. ಚಿಕ್ಕೋಡಿಯಿಂದ ಬರುವ ಬಸ್ಸಿನಲ್ಲಿ ನಿಂತೇ ಬಂದರೂ ಶನಿವಾರ ಮಾತ್ರ ಆಕೆಗೆ ಕಾಲು ನೋಯುತ್ತಿರಲಿಲ್ಲ.

ಬೇಸಿಗೆಗೆ ಮುಂಚೆ ಒಂದು ಶನಿವಾರ ಅಪೂರ್ವ ಎದ್ದು ನಿಂತಳು. ತೆಳ್ಳಗಿನ ಹುಡುಗಿ, ಮಾತು ಕಡಿಮೆ.

"ಟೀಚರ್, ನಮ್ಮ ಆಯಿ ಬಾವ್ಯಾಗ ಬೀಳ್ತಾಳ."

ತರಗತಿ ನಕ್ಕಿತು. ಅಪೂರ್ವ ನಗಲಿಲ್ಲ. ಬಿಡಿಸಿ ಕೇಳಿದಾಗ ಸಂಗತಿ ತಿಳಿಯಿತು. ಅವರದು ಹಳೆಯ ಜೈನರ ಮನೆ, ಹಿತ್ತಲಲ್ಲಿ ಕಲ್ಲಿನ ಬಾವಿ. ಆಯಿ, ಅಂದರೆ ಅಜ್ಜಿ ಗಂಗೂಬಾಯಿ, ದಿನಾ ನೀರನ್ನು ಬಟ್ಟೆಯಲ್ಲಿ ಸೋಸುತ್ತಾಳೆ. ಆ ಬಟ್ಟೆಗೆ ಅಂಟಿದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದು, ಬಂದ ನೀರಿಗೇ ಮರಳಬೇಕು. ಅದಕ್ಕೆ ಬಟ್ಟೆ ತೊಳೆದ ನೀರನ್ನು ಬಾವಿಗೆ ಬಿಡುತ್ತಾಳೆ. ಅದು ಆಗುವ ತನಕ ತಾನು ಒಂದು ಗುಟುಕೂ ಕುಡಿಯುವುದಿಲ್ಲ ಎಂಬುದು ಆಕೆಯ ನೇಮ. ಈಚೆಗೆ ಕಟ್ಟೆಗೆ ಬಗ್ಗಿದಾಗ ತಲೆ ಸುತ್ತು ಬಂದು, ಪಕ್ಕದ ಮನೆಯ ದ್ರೌಪದಿ ಸೆರಗು ಹಿಡಿದು ಎಳೆದಿದ್ದಕ್ಕೆ ಉಳಿದಳು. ಅಂದಿನಿಂದ ಮಗ ಶ್ರೇಣಿಕ, ಅಪೂರ್ವಳ ಅಪ್ಪ, ಬಾವಿಗೆ ಸ್ಲ್ಯಾಬ್ ಹಾಕಿಸುತ್ತೇನೆ ಎಂದು ಕೂತಿದ್ದಾನೆ. ಹಾಕಿಸಿದರೆ ನೀರು ಕುಡಿಯುವುದನ್ನೇ ಬಿಟ್ಟೆ ಎಂದು ತಾಯಿ ಕೂತಿದ್ದಾಳೆ.

ದೀಪಾಲಿಗೆ ಮೈ ಜುಮ್ಮೆಂದಿತು. ತಟ್ಟೆಯ ಸ್ಟ್ಯಾಂಡು, ಚಪ್ಪಲಿ ಗೂಡು ಮಾಡಿ ಸಾಕಾಗಿತ್ತು. ಇದು ನಿಜವಾದ ತೊಂದರೆ, ಒಂದು ಜೀವದ ಪ್ರಶ್ನೆ. ಇಡೀ ತರಗತಿಯನ್ನು ಇದಕ್ಕೇ ಹಚ್ಚಿದಳು.

ಮಕ್ಕಳು ಬರೆದ ಚಿತ್ರಗಳಲ್ಲಿ ಎಲ್ಲರಿಗೂ ಒಪ್ಪಿಗೆಯಾದದ್ದು ಪೈಪು. ಅಡುಗೆಮನೆಯಿಂದ ಗೋಡೆಯಾಚೆ ಬಾವಿಗೆ ಒಂದು ಪೈಪು. ಆಯಿ ಕೂತಲ್ಲೇ ನೀರು ಸುರಿದರೆ ಅದು ತಾನೇ ಹರಿದು ಬಾವಿ ಸೇರಬೇಕು. ಇಳಿಜಾರು ಸಾಲದೆ ಮೊದಲ ಸಲ ನೀರು ಅಡುಗೆಮನೆಗೇ ತಿರುಗಿ ಬಂತು. ಗೌಂಡಿಯ ಲೆವಲ್ ಪೈಪು ಬೇಡಿ ತಂದು ಮತ್ತೆ ಕಟ್ಟಿದರು. ಅರಿಶಿಣದ ನೀರು ಸುರಿದು, ಸುರಿದಷ್ಟೂ ಆಚೆ ಬಂತೋ ಇಲ್ಲವೋ ಎಂದು ಪರೀಕ್ಷಿಸಿದರು. ಅಪೂರ್ವ ಕಟ್ಟೆಯ ಬಳಿ ನಿಂತು "ಬಂತ್ರಿ ಟೀಚರ್" ಎಂದಳು. ಆ ಹುಡುಗಿಯ ದನಿ ಅಷ್ಟು ದೊಡ್ಡದಿದೆ ಎಂದು ದೀಪಾಲಿಗೆ ಅಂದೇ ಗೊತ್ತಾದದ್ದು.

ಗಂಗೂಬಾಯಿ ಬಾಗಿಲಲ್ಲಿ ಕೂತು ಎಲ್ಲವನ್ನೂ ನೋಡಿದಳು. ಮಕ್ಕಳಿಗೆಲ್ಲ ಬೆಲ್ಲ, ಶೇಂಗಾ ಕೊಟ್ಟಳು. "ಚಲೋ ಆತು" ಎಂದಳು. ಮರುವಾರವೇ ಶ್ರೇಣಿಕ ನೀರೆತ್ತಲು ಮೋಟರ್ ಇಳಿಸಿ, ಬಾವಿಗೆ ಸ್ಲ್ಯಾಬ್ ಹಾಕಿಸಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಊರು ಹೊಗಳಿತು. ಹೆಡ್‌ಮಾಸ್ತರರು ಕೂಡ ತಲೆನೋವು ಮರೆತು, ಫೋಟೋ ತೆಗೆಸಿ ಮೇಲಿನವರಿಗೆ ಕಳಿಸಿದರು.

ಬಿಸಿಲು ಏರಿತು. ಒಂದು ದಿನ ಅಪೂರ್ವ ಶಾಲೆಗೆ ತಡವಾಗಿ ಬಂದಳು.

"ಆಯಿಗೆ ರಾಯಬಾಗದಾಗ ಸಲಾಯಿನ್ ಹಚ್ಚಿದ್ರು ಟೀಚರ್. ಮೈಯಾಗ ನೀರs ಇಲ್ಲಂತ. ಈಗ ಮನಿಗೆ ಕರ್ಕೊಂಡು ಬಂದಾರ."

ಶಾಲೆ ಬಿಟ್ಟ ಮೇಲೆ ದೀಪಾಲಿ ಬಸ್ ಹಿಡಿಯದೆ ಅಪೂರ್ವಳ ಜತೆ ನೇರ ಅವರ ಮನೆಗೆ ಹೋದಳು.

ಗಂಗೂಬಾಯಿ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಡೆದಿತ್ತು. ಶ್ರೇಣಿಕ ಕುರ್ಚಿ ತಂದಿಟ್ಟ. ಅಪೂರ್ವ ಚೀಲ ಎಸೆದು ಒಳಗೆ ಹೋದಳು.

"ಯಾಕ್ರಿ ಆಯಿ, ನೀರು ಯಾಕ ಕುಡೀವಲ್ರಿ?" ದೀಪಾಲಿ ಕೇಳಿದಳು.

ಮುದುಕಿ ಮೊದಲು ಒಳಗಿನ ಬಾಗಿಲು ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ಅಕ್ಕಾರ, ನನ್ನ ಬಕೀಟಿನ ತಳಕ್ಕ ಒಂದು ಕೊಂಡಿ ಇತ್ರಿ. ಹಗ್ಗ ಬಿಟ್ಟು, ಬಕೀಟ ನೀರಿಗೆ ಮುಟ್ಟಿದ ಮ್ಯಾಲ ಆ ಕೊಂಡಿಯ ಹಗ್ಗ ಸಾವಕಾಶ ಜಗ್ಗಿದ್ರ ಅಲ್ಲೇ ಬೋರಲ ಆಗ್ತಿತ್ತು. ನೀರ ಮ್ಯಾಲ ನೀರ ಇಟ್ಟಂಗ. ಪೈಪಿನ ಬಾಯಿ ಮ್ಯಾಲ ಐತಿ, ನೀರ ತಳದಾಗ ಐತಿ. ಅಷ್ಟ ಮ್ಯಾಲಿಂದ ಬಿದ್ರ ಅವು ಉಳೀತಾವೇನ್ರಿ?"

ಪೈಪಿನ ಉದ್ದ ಅಳೆದಿದ್ದರು, ಇಳಿಜಾರು ಅಳೆದಿದ್ದರು. ಪೈಪಿನ ಬಾಯಿಂದ ನೀರಿನ ತನಕ ಎಷ್ಟಿದೆ ಎಂದು ಯಾರೂ ಅಳೆದಿರಲಿಲ್ಲ. ದೀಪಾಲಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅವತ್ತ ಹೇಳಬೇಕಿತ್ತಲ್ರಿ."

"ನೀರ ಬಿದ್ದ ಸಪ್ಪಳ ಕೇಳಿದಾಗs ಗೊತ್ತಾತ್ರಿ. ಆದ್ರ ಅಪೂರ್ವಾನ ನಗೂ ಮಾರಿ ನೋಡಿದೆ. ಹೆಂಗ ಹೇಳ್ಲಿ?"

ಶ್ರೇಣಿಕ ನೆಲ ನೋಡುತ್ತ ನಿಂತಿದ್ದ. "ನನಗೂ ಗೊತ್ತಿತ್ರಿ ಅಕ್ಕಾರ. ಸಣ್ಣಾವಿದ್ದಾಗ ಆ ಬಕೀಟ ನಾನs ಬಿಡ್ತಿದ್ದೆ. ಅವ್ವ ಬಾವಿಪಾಲಾಗೂದಕ್ಕಿಂತ ಇದು ಚಲೋ ಅಂತ ಸುಮ್ನಾದೆ."

ಎಲ್ಲರಿಗೂ ಗೊತ್ತಿತ್ತು. ಕಲಿಸಿದವಳಿಗೆ ಮತ್ತು ಮಾಡಿದವಳಿಗೆ ಮಾತ್ರ ಗೊತ್ತಿರಲಿಲ್ಲ. ದೀಪಾಲಿ ತಡವರಿಸುತ್ತ, ಸ್ಲ್ಯಾಬಿನಲ್ಲಿ ಬಕೀಟು ಇಳಿಯುವಷ್ಟು ಕಂಡಿ ಕೊರೆಸಬಹುದು, ಬಗ್ಗದಂತೆ ಗಾಲಿ ಕೂಡಿಸಬಹುದು ಎಂದಳು. ಶ್ರೇಣಿಕ ತಲೆಯೆತ್ತಿದ. ಆದರೆ ಗಂಗೂಬಾಯಿ ಕೈ ಆಡಿಸಿದಳು.

"ಬ್ಯಾಡ್ರಿ. ಸ್ಲ್ಯಾಬ ಒಡದ್ರ ಯಾಕ ಒಡದ್ರು ಅಂತ ಕೂಸು ಕೇಳತೈತಿ. ದಿನಾ ಸಂಜಿಕ ತಾನs ನೀರ ಬಿಟ್ಟು ಬರತೈತಿ, ಊರ ತುಂಬ ಹೇಳ್ಕೊಂಡು ತಿರಗತೈತಿ. ಅಷ್ಟು ಜೀವಾ ಕೊಂದ ಪಾಪ ಆ ಕೂಸಿನ ತಲಿಗೆ ಕಟ್ಟಲೇನ್ರಿ? ನನ್ನ ತಲಿಗೆ ಇರ್ಲಿ. ಅದು ತಂದ ಕೊಟ್ಟಾಗ ಎರಡ ಗುಟುಕ ಕುಡೀತೇನಿ. ಉಳಿದ ಹೊತ್ತಿಗೆ ಗಂಟಲದಾಗ ಇಳ್ಯಾಂಗಿಲ್ಲ."

ಒಳಗೆ ಪೈಪಿನಲ್ಲಿ ನೀರು ಹರಿದ ಸದ್ದಾಯಿತು. ಪಡಸಾಲೆಯಲ್ಲಿ ಮೂವರೂ ಅದನ್ನು ಕೇಳಿದರು, ಮೂವರೂ ಕೇಳದವರ ಹಾಗೆ ಇದ್ದರು. ಅಪೂರ್ವ ತುಂಬಿದ ಲೋಟ ಹಿಡಿದು ಬಂದಳು.

"ಆಯಿ, ಎಲ್ಲಾ ಅವರವರ ಮನಿ ಮುಟ್ಟಿದ್ವು. ಕುಡಿ."

"ಮುಟ್ಟಿದ್ವು ಮಗಾ" ಎಂದಳು ಗಂಗೂಬಾಯಿ. ಸುಳ್ಳಾಡುವುದಿಲ್ಲ ಎಂಬುದೂ ಆಕೆಯ ನೇಮಗಳಲ್ಲಿ ಒಂದು. ಲೋಟ ತುಟಿಗೆ ಹಚ್ಚಿ, ಔಷಧ ಕುಡಿದವಳಂತೆ ಕಣ್ಣು ಮುಚ್ಚಿ ನುಂಗಿದಳು.

ಅಪೂರ್ವ ಟೀಚರ್ ಕಡೆ ತಿರುಗಿದಳು. "ಟೀಚರ್, ಅಣ್ಣಾಸಾಬ ಅಜ್ಜಾರ ಮನ್ಯಾಗೂ ಹಿಂತಾದs ಬಾವಿ, ಹಿಂತಾದs ನೇಮ ಐತ್ರಿ. ಅವರಿಗೂ ಕಾಲು ಬರಾಂಗಿಲ್ಲ. ಈ ಶನಿವಾರ ಅಲ್ಲೂ ಪೈಪ ಹಾಕೂಣ್ರಿ?"

ಶ್ರೇಣಿಕ ಅಂಗಳಕ್ಕೆ ಇಳಿದು ಹೋದ. ದೀಪಾಲಿ ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು. ಹೂಂ ಅಂದರೆ ಇನ್ನೊಬ್ಬ ಮುದುಕ ಬಾಯಾರಿ ಕೂರುತ್ತಾನೆ.

"ಮೊದಲ ಅಜ್ಜಾರನ್ನ ಕೇಳಬೇಕವ್ವ" ಎಂದಳು.

"ಏನಂತ್ರಿ?"

"ಹೆಂಗ ಮಾಡಿದ್ರ ನಿಮಗ ನಡೀತೈತ್ರಿ ಅಂತ."

ಅಪೂರ್ವ ಅದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು. ಹಲಗೆಯ ಮೇಲಿನ ಮಾತುಗಳ ನಡುವೆ ಇದೆಲ್ಲಿ ಬರಬೇಕು ಎಂದು ಲೆಕ್ಕ ಹಾಕುವವಳಂತೆ ನಿಂತಳು. ಕಲಿಯುವ ಹುಡುಗಿ ಅದು, ಕಲಿಸಿದ್ದನ್ನು ಬಿಡುವವಳಲ್ಲ.

"ಆಯಿನ್ನ ನಾವು ಕೇಳಿದ್ದಿಲ್ಲಲ್ರಿ."

ಅದರಲ್ಲಿ ದೂರು ಇರಲಿಲ್ಲ. ಹೇಳಿ ಮುಗಿಸಿದ ಮೇಲೆ ಅವಳ ಮುಖ ಮೆಲ್ಲಗೆ ಬದಲಾಯಿತು. ಟೀಚರನ್ನು ನೋಡಿದಳು, ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತ ಅಪ್ಪನನ್ನು ನೋಡಿದಳು. ಕೊನೆಗೆ ಆಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆಯಿ, ಖರೇ ಹೇಳು. ಅವು ಮುಟ್ಟತಾವೋ ಇಲ್ಲೋ?"

ಗಂಗೂಬಾಯಿ ಬಾಯಿ ತೆರೆದಳು. ಒಂದು ಸುಳ್ಳನ್ನು ಹೇಗೋ ಹೇಳಿದ್ದಳು, ಇನ್ನೊಂದು ಬರಲಿಲ್ಲ. ಅರ್ಧ ಉಳಿದ ಲೋಟವನ್ನು ನೆಲಕ್ಕಿಟ್ಟಳು. ಅಪೂರ್ವ ಅದನ್ನು ಮತ್ತೆ ಎತ್ತಿ ಕೊಡಲಿಲ್ಲ.