ಕಾಯದ ಡಬ್ಬಿಗೆ ನಪಾಸು

ಹುಬ್ಬಳ್ಳಿ-ಧಾರವಾಡದಲ್ಲಿ ನನ್ನಷ್ಟು ಕಾರಿನ ಹೊಗೆ ಕುಡಿದವನು ಇನ್ನೊಬ್ಬನಿಲ್ಲ. ಬೈರಿದೇವರಕೊಪ್ಪದ ನನ್ನ ಗ್ಯಾರೇಜಿನಲ್ಲಿ ಕುಳಿತೇ, ಅತ್ತ ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ಹೋಗುವ ಗಾಡಿಗೆ ಏನು ರೋಗವೆಂದು ಮೂಸಿ ಹೇಳಬಲ್ಲೆ. ಅಂಥ ನನ್ನೆದುರು ಸಂಗೀತ ಕಲಿಸುವ ನಿರುಪಮಾಬಾಯಿ ಒಂದು ಚೀಟಿ ಹಿಡಿದು ನಿಂತರು. ಹೊಗೆ ತಪಾಸಣೆಯಲ್ಲಿ ಅವರ ಕಾರು ನಪಾಸು. ಹೊಗೆಯ ವಿಷ ತೆಗೆಯುವ ಡಬ್ಬಿ ಸತ್ತಿದೆ, ಗಾಡಿಯನ್ನು ಗುಜರಿಗೆ ಹಾಕಿ ಎಂದಿದ್ದನಂತೆ ತಪಾಸಣೆಯ ಗುರುಶಿದ್ದಪ್ಪ. ಮೊಣಕಾಲು ನೋವಿನ ಅವರಿಗೆ ಕಾರಿಲ್ಲದಿದ್ದರೆ ಪಾಠವೇ ಇಲ್ಲ.

ನನ್ನ ಪಿತ್ತ ನೆತ್ತಿಗೇರಿತು. ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಿಸಿದ್ದ ಎಂದು ಕೇಳಿದೆ. ಒಂದು ತಾಸು, ‘ಪರಿಸರ ಉಳಿಸಿ, ಇಂಜಿನ್ ಬಂದ್ ಮಾಡಿ’ ಎಂಬ ಫಲಕದ ಕೆಳಗೆ, ಇಂಜಿನ್ ಆರಿಸಿಕೊಂಡು. ಆ ಡಬ್ಬಿ ಮುನ್ನೂರು ಡಿಗ್ರಿಯ ಹತ್ತಿರ ಬಿಸಿಯಾಗದೆ ಕೆಲಸಕ್ಕೇ ಇಳಿಯದು. ಒಲೆ ಹೊತ್ತಿಸದೆ ರೊಟ್ಟಿ ಹಸಿ ಎಂದು ಬೈದಂತಾಯಿತು!

ಡಬ್ಬಿ ಕಾಯಲೆಂದು, ಅವರನ್ನು ಕೂರಿಸಿಕೊಂಡು ನಾನೇ ಕಾರು ಓಡಿಸಿದೆ. ಬೈಪಾಸಿನಲ್ಲಿ ಗಾಳಿಯೇ ಏದುಸಿರು ಬಿಡುತ್ತ ಹಿಂದೆ ಬಿತ್ತು. ಅಲ್ಲಿಂದ ನೇರ ತಪಾಸಣೆಯ ಕೇಂದ್ರಕ್ಕೆ ಬಂದು, ಸಾಲು ಮುರಿದು, ಇಂಜಿನ್ ಚಾಲೂ ಇಟ್ಟೇ ಯಂತ್ರದ ಮುಂದೆ ನಿಲ್ಲಿಸಿದೆ. ಗುರುಶಿದ್ದಪ್ಪ ಫಲಕ ತೋರಿಸಿದ.

“ಮೊದಲ ಬಂದ್ ಮಾಡ್ರಿ.”

“ಮಲಗಿದವನ ಮುಂದ ಮೈಕ್ ಹಿಡದು, ಇವಗ ಹಾಡಾಕ ಬರಂಗಿಲ್ಲ ಅಂತಿಯೇನೋ? ಡಬ್ಬಿ ಈಗ ಎದ್ದೈತಿ. ಕೊಳವಿ ಹಾಕು.”

ಸಾಲಿನಲ್ಲಿದ್ದ ಸಾವಿರ ಜನ, ಕಡಿಮೆಯೆಂದರೂ ಹನ್ನೆರಡು ಜನ, ನನ್ನ ಪಕ್ಷ ವಹಿಸಿದರು. ಗುರುಶಿದ್ದಪ್ಪ ಗೊಣಗುತ್ತ ಯಂತ್ರದ ಕೊಳವೆಯನ್ನು ಸೈಲೆನ್ಸರಿಗೆ ತೂರಿಸಿದ. ಪಾಸು. ಎಂಥ ಪಾಸೆಂದರೆ, ಆ ಹೊಗೆಯನ್ನು ಶೀಶೆಯಲ್ಲಿ ತುಂಬಿ ಅತ್ತರೆಂದು ಮಾರಬಹುದಿತ್ತು.

ಮೀಸೆ ತಿರುವುತ್ತ ಚೀಟಿ ಕೊಟ್ಟೆ. ನಿರುಪಮಾಬಾಯಿ ಅದನ್ನು ಓದಲೇ ಇಲ್ಲ.

“ಖರೇ ಹೇಳ್ರಿ. ಮನಿಯಿಂದ ನನ್ನ ಕ್ಲಾಸಿಗೆ ಎರಡು ನಿಮಿಷದ ದಾರಿ. ಅಷ್ಟರಾಗ ಈ ಡಬ್ಬಿ ಕಾಯ್ತದೇನು?”

ಹುಟ್ಟಿದ ಮೇಲೆ ಮೊದಲ ಸಲ ನನಗೆ ಸುಳ್ಳು ಹೊಳೆಯಲಿಲ್ಲ. ಇಲ್ಲ ಎಂದೆ.

“ಹಂಗಾರ ಆ ಹೊಲಸೆಲ್ಲಾ ದಿನಾ ಗೇಟಿನಾಗ ನಿಂತ ಹುಡುಗೂರ ಮೂಗಿಗೇ ಹೋಗತಿತ್ತು. ಎಂಟು ವರ್ಷ ಈ ಗಾಡಿ ರಿಪೇರಿ ಮಾಡೀರಿ. ಒಂದ್ ಸರ್ತಿನೂ ನನಗ ಹೇಳಲಿಲ್ಲಲ್ರಿ?”

ಮರುದಿನದಿಂದ ಪಾಠ ಅವರ ಮನೆಯ ಪಡಸಾಲೆಯಲ್ಲೇ ನಡೆಯುತ್ತಿದೆ. ಹುಡುಗರು ನಡೆದು ಬರುತ್ತಾರೆ. ಕಾರು ಶನಿವಾರ ಮಾತ್ರ, ಅವರು ಮುಗದ ಹಳ್ಳಿಯ ಮಕ್ಕಳಿಗೆ ಹಾಡು ಕಲಿಸಲು ಹೋಗುವಾಗ, ಹೊರಡುತ್ತದೆ. ದೂರದ ದಾರಿ, ಡಬ್ಬಿ ಚೆನ್ನಾಗಿ ಕಾಯುತ್ತದೆ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.