ಹಾಲು ಬೆರೆಸಿದ ಬ್ರಾಂದಿ

"ಕೈ ತೆಗೀರೋ! ನನ್ನ ತಮ್ಮನ ಪೆಟ್ಟಿಗೆ ಮುಟ್ಟಬೇಡಿ!"

ಸತ್ತವನ ಅಣ್ಣ ಗದರಿದ ರಭಸಕ್ಕೆ, ಶವದ ಪೆಟ್ಟಿಗೆ ಎತ್ತಲು ಬಗ್ಗಿದ್ದ ನಾಲ್ವರು ನೆಟ್ಟಗೆ ನಿಂತರು. ಸತ್ತವನ ಜೊತೆ ಕುಡಿತ ಬಿಡಿಸುವ ಶಿಬಿರದಲ್ಲಿ ಒಂದು ತಿಂಗಳು ಇದ್ದವರು ಅವರು. ಒಗೆದ ಅಂಗಿ ತೊಟ್ಟು ಬಂದಿದ್ದರು.

"ಜೊತೆಗೆ ಕೂತು ಕುಡಿದದ್ದು ಸಾಲ್ದಾ? ಹೊರೋಕೂ ನೀವೇ ಬೇಕಾ?"

ಪೆಟ್ಟಿಗೆಯ ಪಕ್ಕ ಕೂತಿದ್ದ ಸತ್ತವನ ಹೆಂಡತಿಗೆ ನಿಜ ಗೊತ್ತಿತ್ತು. ನಿಜ ಹೇಳಿದರೆ ತನ್ನ ತಪ್ಪನ್ನೂ ಹೇಳಬೇಕು.

*

ಗೋದಾಮಿನಲ್ಲಿ ಚೀಲಕ್ಕೆ ಪೊಳ್ಳು ಕೊಳವೆ ಚುಚ್ಚಿ, ಒಳಗಿನ ಕಾಳು ತೆಗೆದು ನೋಡುವುದು ಗಂಡನ ಕೆಲಸವಾಗಿತ್ತು. ಕಣ್ಣು ಹಳದಿಯಾಗಿ, ಹೆಜ್ಜೆ ತೂರಾಡತೊಡಗಿದಾಗ ಹೆಂಡತಿ ಒಂದೇ ಹಟ ಹಿಡಿದಳು: ಇವನು ಕುಡಿಯುತ್ತಿದ್ದಾನೆ. "ಮುಟ್ಟೇ ಇಲ್ಲ ಕಣೇ" ಅಂದರೂ ಕೇಳದೆ ಶಿಬಿರಕ್ಕೆ ತಳ್ಳಿದಳು. ಮನೆಯಲ್ಲಿ ಜಗಳ ಬೇಡವೆಂದು ಅವನೂ ಹೋದ. ತಿಂಗಳ ಮೇಲೆ ವಾಪಸಾದಾಗಲೂ ಕಣ್ಣು ಹಳದಿಯೇ ಇತ್ತು; ಕದ್ದು ಕುಡಿಯುತ್ತಾನೆಂದೇ ಅವಳು ನಂಬಿದಳು.

ವರ್ಷ ಕಳೆದು, ಹಾಸಿಗೆ ಹಿಡಿದ ಮೇಲೆ ಆಸ್ಪತ್ರೆ. ವೈದ್ಯೆ ಪಕ್ಕೆಲುಬುಗಳ ನಡುವೆ ಸೂಜಿ ಇಳಿಸಿ, ಲಿವರಿನಿಂದ ದಾರದೆಳೆಯಂಥ ಚೂರು ತೆಗೆದರು.

"ಎಷ್ಟು ಚೀಲ ಚುಚ್ಚಿದೀನೋ, ಈಗ ನನ್ನ ಸರದಿ," ಎಂದು ಬಲಮಗ್ಗುಲಾಗಿ ಮಲಗಿದ್ದವನು ನಕ್ಕ. "ಚೀಲದ ಮೇಲೆ ಏನೇ ಬರೆದಿರ್ಲಿ, ಕೊಳವೇಲಿ ಬಂದಿದ್ದೇ ನಿಜ. ನೋಡ್ತಿರು."

ವರದಿ ಬಂತು.

"ಇದು ಕುಡಿತದ್ದಲ್ಲಮ್ಮ," ಎಂದರು ವೈದ್ಯೆ. "ಇವರ ಮೈಯೇ ಇವರ ಲಿವರ್ ಮೇಲೆ ತಿರುಗಿಬಿದ್ದಿದೆ. ವರ್ಷದ ಹಿಂದೆ ಬಂದಿದ್ರೆ ಮಾತ್ರೇಲೇ ಹಿಡೀಬಹುದಿತ್ತೇನೋ."

ಹೆಂಡತಿ ವರದಿ ಮಡಚಿದಳು.

"ಯಾರಿಗೂ ಹೇಳ್ಬೇಡ," ಎಂದ ಗಂಡ. "ನನ್ನ ಕುಡುಕ ಅಂದ್ರೆ ಅನ್ಲಿ. ನಿನ್ನ ಆಡಿಕೊಳ್ಳೋದು ಬೇಡ."

*

ನಾಲ್ವರಲ್ಲಿ ಉದ್ದನೆಯವನು ಮುಂದೆ ಬಂದ. "ಯಜಮಾನ್ರೇ, ಅವರು ಕುಡಿದವರೇ ಅಲ್ಲ. ಶಿಬಿರದಲ್ಲಿ ಎಲ್ರೂ ಎದ್ದು ನಿಂತು ತಮ್ಮ ಕುಡಿತದ ಕತೆ ಹೇಳ್ಬೇಕು. ಇವರು ಏನಂದ್ರು ಗೊತ್ತಾ? 'ದಿನಾ ಬ್ರಾಂದಿಗೆ ಬಿಸಿ ಹಾಲು ಬೆರೆಸಿ ಎರಡು ಲೋಟ ಕುಡೀತಿದ್ದೆ' ಅಂದ್ರು! ಬಿದ್ದೂ ಬಿದ್ದೂ ನಕ್ವಿ. ಆಮೇಲೆ ನಾವೇ ಕೂರಿಸಿಕೊಂಡು ಸರಿಯಾದ ಸುಳ್ಳು ಕಲಿಸಿದ್ವಿ."

ಗೋದಾಮಿನವನೊಬ್ಬ ಕಿಸಕ್ಕೆಂದು ಬಾಯಿ ಮುಚ್ಚಿಕೊಂಡ.

"ಕುಡೀದೇ ಇರೋನು ಅಲ್ಲಿಗ್ಯಾಕೆ ಹೋದ? ಅದನ್ನ ಹೇಳು!" ಎಂದ ಅಣ್ಣ.

"ನಾನು ಕಳಿಸ್ದೆ, ಭಾವ." ಹೆಂಡತಿ ಎದ್ದು ನಿಂತಳು. "ಲಿವರ್ ಚೂರು ತೆಗೆದು ನೋಡಿದ್ರು. ಕುಡಿತದ್ದಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗೋ ಬದ್ಲು ವರ್ಷಾನೇ ಹಾಳು ಮಾಡ್ದೆ. ಬೈಯೋದಾದ್ರೆ ನನ್ನ ಬೈರಿ."

ಭಾವ ಪಕ್ಕಕ್ಕೆ ಸರಿದ. ನಾಲ್ವರೂ ಪೆಟ್ಟಿಗೆ ಎತ್ತಿದರು.

ಬೀದಿಯಲ್ಲಿ ಕ್ಷೌರದಂಗಡಿಯ ಎದುರು ಭಾವ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ತಮ್ಮನನ್ನು ಕುಡುಕನೆಂದು ಅವನು ಹೆಚ್ಚು ಆಡಿಕೊಂಡದ್ದು ಅಲ್ಲೇ.

"ಲೋ, ನನ್ನ ತಮ್ಮ ಕುಡೀತಿರ್ಲಿಲ್ಲ ಕಣೋ. ನಾನು ಹೇಳಿದ್ದೆಲ್ಲ ಸುಳ್ಳು."

"ಮತ್ತೆ ಹೇಗೆ ಹೋದ?" ಎಂದ ಕ್ಷೌರಿಕ.

ಭಾವ ತಮ್ಮನ ಹೆಂಡತಿಯ ಕಡೆ ಒಮ್ಮೆ ನೋಡಿದ.

"ಕಾಯಿಲೆ," ಎಂದ ಭಾವ. ಅಷ್ಟೇ ಹೇಳಿ ಪಕ್ಕದ ದರ್ಜಿ ಅಂಗಡಿಯತ್ತ ನಡೆದ. ಬೀದಿಯ ಉದ್ದಕ್ಕೂ ಇನ್ನೂ ಒಂಬತ್ತು ಅಂಗಡಿಗಳಿದ್ದವು. ಹೊತ್ತವರು ಹೆಗಲು ಬದಲಿಸಿಕೊಂಡು ಕಾದು ನಿಂತರು.